ಪುಸ್ತಕದ ಮಾತಿನ ನಡುವೆ ಜಾಹೀರಾತು: ತಪ್ಪು ಕಲ್ಪನೆ ಮತ್ತು ಸತ್ಯ

ಕನ್ನಡದಲ್ಲಿ ಹೊಸ ಪುಸ್ತಕವೊಂದು ಬಂದರೆ ಅದನ್ನು ಓದಿ, ಅದರ ಬಗ್ಗೆ ಕಾಳಜಿಯಿಂದ ಬರೆಯುವವರಲ್ಲಿ ಹವ್ಯಾಸಿಗಳ ಪಾಲು ದೊಡ್ಡದು. ಮೇಷ್ಟ್ರು, ಬ್ಯಾಂಕ್ ನೌಕರರು, ಸಾಫ್ಟ್‌ವೇರ್ ಕೆಲಸದವರು, ಮನೆಕೆಲಸದ ನಡುವೆ ಬಿಡುವು ಮಾಡಿಕೊಂಡು ಓದುವವರು ತಮ್ಮದೇ ಸಣ್ಣ ಜಾಲತಾಣಗಳಲ್ಲಿ ಬರೆಯುತ್ತಾರೆ. ಯಾರೂ ಸಂಬಳ ಕೊಡುವುದಿಲ್ಲ, ಪುಸ್ತಕವೂ ಬಹುತೇಕ ಕೈದುಡ್ಡಿನದೇ. ಹೀಗೆ ಕೆಲವು ವರ್ಷ ಕಳೆದ ಮೇಲೆ ‘ಪಕ್ಕದಲ್ಲಿ ಒಂದೆರಡು ಜಾಹೀರಾತು ಹಾಕಿದರೆ ಪುಸ್ತಕದ ಖರ್ಚಾದರೂ ಹುಟ್ಟೀತೇ?’ ಎಂಬ ಯೋಚನೆ ಬರುವುದು ಸಹಜ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಈ ನಿರ್ಧಾರದ ಸುತ್ತ ಓಡಾಡುವ ನಂಬಿಕೆಗಳಲ್ಲಿ ಹಲವು ಪೂರ್ತಿ ಸರಿಯಲ್ಲ. ಒಂದೊಂದಾಗಿ ನೋಡೋಣ.

ಕಲ್ಪನೆ 1: ಜಾಹೀರಾತು ಹಾಕಿದರೆ ಪುಸ್ತಕದ ಖರ್ಚು ತಾನಾಗಿ ಹುಟ್ಟುತ್ತದೆ

ಸತ್ಯ: ಸಣ್ಣ ತಾಣಕ್ಕೆ ಹುಟ್ಟುವುದು ತೀರಾ ಕಡಿಮೆ.

ಹೆಚ್ಚಿನವರು ಮೊದಲು ಹೋಗುವುದು ಗೂಗಲ್‌ನ ಆಡ್‌ಸೆನ್ಸ್‌ಗೆ. 2003ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ನೀವು ಜಾಗ ಕೊಡುತ್ತೀರಿ. ಆ ಜಾಗಕ್ಕಾಗಿ ಜಾಹೀರಾತುದಾರರ ನಡುವೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹರಾಜು ನಡೆದು, ಗೆದ್ದವರ ಜಾಹೀರಾತು ಮೂಡುತ್ತದೆ. ಹರಾಜಿನಲ್ಲಿ ಬೆಲೆ ಏರಬೇಕಾದರೆ ಆ ಓದುಗರಿಗಾಗಿ ಪೈಪೋಟಿ ಇರಬೇಕು. ಸಾಲ, ವಿಮೆ, ಆಸ್ತಿ ಖರೀದಿಯ ಬಗ್ಗೆ ಓದುತ್ತಿರುವವರಿಗಾಗಿ ಪೈಪೋಟಿ ಜೋರು. ಕನ್ನಡದ ಕಥಾಸಂಕಲನವೊಂದರ ವಿಮರ್ಶೆ ಓದುತ್ತಿರುವವರಿಗಾಗಿ ಹಾಗಿಲ್ಲ. ಭಾಷೆಯ ತೊಡಕೂ ಇತ್ತು: ಆಡ್‌ಸೆನ್ಸ್ ಹಿಂದಿಗೆ ಬಂದದ್ದೇ 2014ರ ಕೊನೆಗೆ, ಕನ್ನಡದ ಸರದಿ ಇನ್ನೂ ತಡವಾಗಿ ಬಂತು.

ಲೆಕ್ಕ ಹಾಕಿ ನೋಡಿ. ನಿಮ್ಮ ತಾಣವನ್ನು ತಿಂಗಳಿಗೆ 3,000 ಬಾರಿ ಓದುತ್ತಾರೆ ಎಂದುಕೊಳ್ಳಿ. ಪ್ರತಿ ಸಾವಿರಕ್ಕೆ 40 ರೂಪಾಯಿ ಸಿಗುತ್ತದೆ ಎಂದೂ ಇಟ್ಟುಕೊಳ್ಳಿ. ಇದು ಉದಾಹರಣೆಗೆ ಹಿಡಿದ ಅಂಕಿ; ನಿಜದ ದರ ತಾಣದಿಂದ ತಾಣಕ್ಕೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ತಿಂಗಳಿಗೆ 120 ರೂಪಾಯಿ ಆಯಿತು. ಆದರೆ ಖಾತೆಯಲ್ಲಿ 100 ಡಾಲರ್ ಕೂಡುವವರೆಗೆ ಆಡ್‌ಸೆನ್ಸ್ ಹಣ ಕಳಿಸುವುದಿಲ್ಲ. ಡಾಲರಿಗೆ 85 ರೂಪಾಯಿ ಹಿಡಿದರೂ ಅದು 8,500. ಅಂದರೆ ಮೊದಲ ಪಾವತಿ ಕೈಸೇರಲು ಸುಮಾರು ಆರು ವರ್ಷ. ಆರು ವರ್ಷವೂ ನಿಮ್ಮ ಓದುಗರು ಪ್ರತಿ ಬಾರಿ ಜಾಹೀರಾತು ದಾಟಿಕೊಂಡೇ ನಿಮ್ಮ ಮಾತಿಗೆ ಬರಬೇಕು. ತಿಂಗಳಿಗೆ ಲಕ್ಷಗಟ್ಟಲೆ ಓದುಗರಿರುವ ತಾಣದ ಲೆಕ್ಕ ಬೇರೆ, ನಮ್ಮಂಥವರ ಲೆಕ್ಕ ಬೇರೆ. ಅವರ ಅನುಭವ ಕೇಳಿ ನಾವು ನಿರ್ಧಾರ ಮಾಡಬಾರದು.

ಕಲ್ಪನೆ 2: ಜಾಹೀರಾತು ಬಂದರೆ ವಿಮರ್ಶೆಯ ನಿಷ್ಠುರತೆ ಹೋಗುತ್ತದೆ

ಸತ್ಯ: ಹೋಗಲೂಬಹುದು, ಹೋಗದೆಯೂ ಇರಬಹುದು. ಹಣ ಯಾರಿಂದ, ಯಾವ ದಾರಿಯಲ್ಲಿ ಬರುತ್ತದೆ ಎಂಬುದರ ಮೇಲೆ ಅದು ನಿಂತಿದೆ.

ಇದಕ್ಕೆ ಒಳ್ಳೆಯ ಉದಾಹರಣೆ ‘ನ್ಯೂಯಾರ್ಕ್ ರಿವ್ಯೂ ಆಫ್ ಬುಕ್ಸ್’ ಹುಟ್ಟಿದ ಬಗೆ. 1959ರಲ್ಲಿ ಲೇಖಕಿ ಎಲಿಜಬೆತ್ ಹಾರ್ಡ್‌ವಿಕ್ ‘ಹಾರ್ಪರ್ಸ್’ ಪತ್ರಿಕೆಯಲ್ಲಿ ಅಮೆರಿಕದ ಪುಸ್ತಕ ವಿಮರ್ಶೆ ಸಪ್ಪೆಯಾಗಿದೆ, ಎಲ್ಲವನ್ನೂ ಹೊಗಳುತ್ತ ಕೂತಿದೆ ಎಂದು ಕಟುವಾಗಿ ಬರೆದಿದ್ದರು. 1962ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ದಿನಪತ್ರಿಕೆಗಳ ಮುದ್ರಣ ಕಾರ್ಮಿಕರು ಮುಷ್ಕರ ಹೂಡಿದರು. ಪತ್ರಿಕೆಗಳು ನಿಂತವು. ಪ್ರಕಾಶಕರ ಕೈಯಲ್ಲಿ ಹೊಸ ಪುಸ್ತಕಗಳಿದ್ದವು, ಜಾಹೀರಾತು ಕೊಡಲು ಜಾಗವಿರಲಿಲ್ಲ. ಹಾರ್ಡ್‌ವಿಕ್ ಮತ್ತು ಗೆಳೆಯರು ಈ ಸಂದರ್ಭ ಬಳಸಿಕೊಂಡು 1963ರ ಫೆಬ್ರವರಿಯಲ್ಲಿ ಮೊದಲ ಸಂಚಿಕೆ ತಂದರು. ಅಚ್ಚಿನ ಖರ್ಚು ಹೊತ್ತದ್ದು ಪ್ರಕಾಶಕರ ಜಾಹೀರಾತು. ಬರೆದವರು ಸಂಭಾವನೆ ಇಲ್ಲದೆ ಬರೆದರು, ಅವರಲ್ಲಿ ಡಬ್ಲ್ಯು. ಎಚ್. ಆಡೆನ್, ಮೇರಿ ಮೆಕಾರ್ಥಿ, ಸೂಸನ್ ಸಾಂಟಾಗ್ ಇದ್ದರು. ಪ್ರಕಾಶಕರ ದುಡ್ಡಿನಲ್ಲಿ ಅಚ್ಚಾದ ಪತ್ರಿಕೆಯೇ ಮುಂದೆ ನಿಷ್ಠುರ ವಿಮರ್ಶೆಗೆ ಹೆಸರಾಯಿತು. ಸಂಪಾದಕರು ಯಾವೊಬ್ಬ ಪ್ರಕಾಶಕನ ಹಂಗಿನಲ್ಲೂ ಇರಲಿಲ್ಲ, ಹಲವರ ಜಾಹೀರಾತು ಒಟ್ಟಿಗೆ ಇತ್ತು, ಯಾವುದು ಜಾಹೀರಾತು ಎಂಬುದು ಓದುಗನಿಗೆ ಕಣ್ಣಿಗೆ ಕಾಣುತ್ತಿತ್ತು.

ನಮ್ಮಲ್ಲಿ ಇನ್ನೊಂದು ದಾರಿಯೂ ಇದೆ. ಪಿ. ಲಂಕೇಶ್ 1980ರಲ್ಲಿ ಶುರುಮಾಡಿದ ‘ಲಂಕೇಶ್ ಪತ್ರಿಕೆ’ ಜಾಹೀರಾತನ್ನೇ ತೆಗೆದುಕೊಳ್ಳದೆ, ಕೊಂಡು ಓದುವವರ ಬಲದ ಮೇಲೆ ನಡೆಯಿತು. ಎರಡೂ ಪ್ರಾಮಾಣಿಕ ದಾರಿಗಳೇ.

ಹವ್ಯಾಸಿಗೆ ಅಪಾಯ ಬರುವುದು ಇವೆರಡರ ನಡುವೆ. ಒಬ್ಬನೇ ಪ್ರಕಾಶಕ ಪ್ರತಿ ತಿಂಗಳು ಹಣ ಕೊಡುತ್ತಾನೆ, ಅವನದೇ ಪುಸ್ತಕ ನಿಮ್ಮ ಮೇಜಿನ ಮೇಲಿದೆ, ಪುಸ್ತಕ ಚೆನ್ನಾಗಿಲ್ಲ. ಆಗ ಕೈ ತಡೆಯುತ್ತದೆ. ಸುಳ್ಳು ಬರೆಯುವವರು ಕಡಿಮೆ. ಆ ಪುಸ್ತಕದ ಬಗ್ಗೆ ಬರೆಯದೇ ಬಿಡುವವರು ಹೆಚ್ಚು. ಓದುಗನಿಗೆ ಈ ಮೌನ ಗೊತ್ತಾಗುವುದೇ ಇಲ್ಲ.

ಕಲ್ಪನೆ 3: ಪುಸ್ತಕ ಕೊಳ್ಳುವ ಲಿಂಕ್, ಉಚಿತ ಪ್ರತಿ ಇವೆಲ್ಲ ಜಾಹೀರಾತಲ್ಲ

ಸತ್ಯ: ಹಣದ ಅಥವಾ ಲಾಭದ ಸಂಬಂಧ ಇದ್ದಲ್ಲೆಲ್ಲ ಓದುಗನಿಗೆ ಹೇಳಬೇಕು.

ಲೇಖನದ ಕೊನೆಯಲ್ಲಿ ‘ಇಲ್ಲಿ ಕೊಳ್ಳಿ’ ಎಂಬ ಲಿಂಕ್ ಇರುತ್ತದೆ. ಅದನ್ನು ಒತ್ತಿ ಹೋದ ಓದುಗ ಪುಸ್ತಕ ಕೊಂಡರೆ ಬರೆದವರಿಗೆ ಕಮಿಷನ್. ಅಮೆಜಾನ್‌ನ ವ್ಯವಸ್ಥೆಯಲ್ಲಿ, ಲಿಂಕ್ ಒತ್ತಿದ 24 ಗಂಟೆಯೊಳಗೆ ಓದುಗ ಪುಸ್ತಕ ಬಿಟ್ಟು ಕುಕ್ಕರ್ ಕೊಂಡರೂ ಸಾಮಾನ್ಯವಾಗಿ ಕಮಿಷನ್ ಸೇರುತ್ತದೆ. ಓದುಗನಿಗೆ ಬೆಲೆಯೇನೂ ಏರುವುದಿಲ್ಲ, ಹಾಗಾಗಿ ಇದು ಜಾಹೀರಾತೇ ಅಲ್ಲ ಎನಿಸಿಬಿಡುತ್ತದೆ.

ಮರಿಯಾ ಪೊಪೊವಾ ಅವರ ‘ಬ್ರೈನ್ ಪಿಕಿಂಗ್ಸ್’ ತಾಣ ಇಲ್ಲಿ ನೆನೆಯತಕ್ಕದ್ದು. 2006ರಲ್ಲಿ ಏಳು ಗೆಳೆಯರಿಗೆ ಕಳಿಸುವ ಮಿಂಚಂಚೆಯಾಗಿ ಹುಟ್ಟಿದ ಇದು ಪುಸ್ತಕಪ್ರಿಯರ ಜಗತ್ತಿನಲ್ಲಿ ದೊಡ್ಡ ಹೆಸರಾಯಿತು. ಈಗಿನ ಹೆಸರು ‘ದ ಮಾರ್ಜಿನೇಲಿಯನ್’. ಜಾಹೀರಾತಿಲ್ಲದ ತಾಣ ಎಂದು ಹೇಳಿ ಅದು ಓದುಗರಿಂದ ದೇಣಿಗೆ ಕೇಳುತ್ತಿತ್ತು. ಪುಸ್ತಕದ ಲಿಂಕ್‌ಗಳಿಂದ ಅಮೆಜಾನ್ ಕಮಿಷನ್ ಬರುತ್ತಿರುವುದನ್ನು ಸ್ಪಷ್ಟವಾಗಿ ಹೇಳಿಲ್ಲವೇಕೆ ಎಂಬ ಪ್ರಶ್ನೆ 2013ರಲ್ಲಿ ಎದ್ದು ಚರ್ಚೆಯಾಯಿತು. ಅನಂತರ ತಾಣದಲ್ಲಿ ಆ ಬಗ್ಗೆ ಸೂಚನೆ ಸೇರಿತು. ಚರ್ಚೆ ಎದ್ದದ್ದು ಕಮಿಷನ್ ಬಂತೆಂದಲ್ಲ, ಹೇಳಿರಲಿಲ್ಲವೆಂದು.

ಭಾರತದಲ್ಲಿ ಈಗ ಇದಕ್ಕೆ ನಿಯಮಗಳಿವೆ. ಭಾರತೀಯ ಜಾಹೀರಾತು ಮಾನದಂಡ ಮಂಡಳಿ, ಅಂದರೆ ಆಸ್ಕಿ, ಜಾಲದಲ್ಲಿ ಪ್ರಭಾವ ಬೀರುವವರಿಗಾಗಿ ತಂದ ಮಾರ್ಗಸೂಚಿ 2021ರ ಜೂನ್ 14ರಿಂದ ಜಾರಿಯಲ್ಲಿದೆ. ಹಣವಷ್ಟೇ ಅಲ್ಲ, ಉಚಿತವಾಗಿ ಬಂದ ವಸ್ತುವೂ ಅದರ ಪ್ರಕಾರ ಹೇಳಬೇಕಾದ ಸಂಬಂಧವೇ. ಹೇಳುವುದು ಮೊದಲಿಗೇ ಕಣ್ಣಿಗೆ ಬೀಳುವಂತಿರಬೇಕು. ಪುಟದ ತಳದಲ್ಲೋ ‘ನಮ್ಮ ಬಗ್ಗೆ’ ಎಂಬಲ್ಲೋ ಬಚ್ಚಿಟ್ಟರೆ ಸಾಲದು. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ ದಾರಿ ತಪ್ಪಿಸುವ ಜಾಹೀರಾತು ತಡೆಯುವ ಮಾರ್ಗಸೂಚಿ ಹೊರಡಿಸಿತು.

ಕಾನೂನಿಗೆ ಹೆದರಿ ಮಾಡಬೇಕಾದ ಕೆಲಸ ಇದಲ್ಲ. ನಮ್ಮ ಪತ್ರಿಕೆಗಳಲ್ಲಿ ‘ಸಾದರ ಸ್ವೀಕಾರ’ ಎಂಬ ಅಂಕಣ ಹಿಂದಿನಿಂದಲೂ ಇದೆ. ಯಾವ ಪುಸ್ತಕ ಬಂತು, ಯಾರು ಬರೆದದ್ದು, ಯಾವ ಪ್ರಕಾಶನ ಎಂದು ಅಲ್ಲಿ ಬಹಿರಂಗವಾಗಿ ಅಚ್ಚಾಗುತ್ತದೆ. ಅದೇ ಮರ್ಯಾದೆಯನ್ನು ನಿಮ್ಮ ತಾಣಕ್ಕೂ ತನ್ನಿ. ಲೇಖನದ ಮೇಲ್ಭಾಗದಲ್ಲೇ ‘ಈ ಪ್ರತಿಯನ್ನು ಪ್ರಕಾಶಕರು ಉಚಿತವಾಗಿ ಕಳಿಸಿದ್ದಾರೆ’ ಅಥವಾ ‘ಕೆಳಗಿನ ಲಿಂಕ್‌ನಿಂದ ಕೊಂಡರೆ ನನಗೆ ಸ್ವಲ್ಪ ಕಮಿಷನ್ ಬರುತ್ತದೆ’ ಎಂದು ಕನ್ನಡದಲ್ಲೇ ಒಂದು ಸಾಲು ಬರೆಯಿರಿ.

ಕಲ್ಪನೆ 4: ಯಾವ ಜಾಹೀರಾತು ಬರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ

ಸತ್ಯ: ಸ್ವಲ್ಪ ಮಟ್ಟಿಗೆ ಇದೆ, ಆದರೆ ಅದಕ್ಕಾಗಿ ಕೂತು ಕೆಲಸ ಮಾಡಬೇಕು.

ಆಡ್‌ಸೆನ್ಸ್‌ನಲ್ಲಿ ‘ಆಟೋ ಆಡ್ಸ್’ ಎಂಬುದನ್ನು ಚಾಲೂ ಮಾಡಿದರೆ ಜಾಹೀರಾತಿಗೆ ಜಾಗವನ್ನು ಗೂಗಲೇ ಹುಡುಕುತ್ತದೆ. ಕಾದಂಬರಿಯ ತಾಯಿ ಪಾತ್ರದ ಬಗ್ಗೆ ನೀವು ಬರೆದ ಎರಡು ಪ್ಯಾರಾಗಳ ನಡುವೆ ಸಾಲ ಕೊಡುವ ಆ್ಯಪ್ ಬಂದು ನಿಲ್ಲುತ್ತದೆ. ಮೊಬೈಲಿನಲ್ಲಿ ಓದುವವರಿಗೆ ಪರದೆಯ ಅರ್ಧ ಅದೇ. ಆಟೋ ಆಡ್ಸ್ ನಿಲ್ಲಿಸಿ, ಲೇಖನ ಮುಗಿದ ಮೇಲೆ ಒಂದೇ ಕಡೆ ಜಾಗ ಕೊಡಬಹುದು. ಜ್ಯೋತಿಷ್ಯ, ದಿಢೀರ್ ಶ್ರೀಮಂತರಾಗುವ ಯೋಜನೆಗಳು, ಡೇಟಿಂಗ್ ಇಂಥ ವರ್ಗಗಳನ್ನೂ ನಿರ್ದಿಷ್ಟ ಕಂಪನಿಗಳ ಜಾಹೀರಾತನ್ನೂ ತಡೆಯಬಹುದು. ತಡೆದಷ್ಟೂ ಹರಾಜಿನಲ್ಲಿ ಕೂಗುವವರು ಕಡಿಮೆಯಾಗುತ್ತಾರೆ, ಆದಾಯ ಇನ್ನೂ ಇಳಿಯಬಹುದು.

ಕಲ್ಪನೆ 5: ಕೋಡ್ ಅಂಟಿಸಿದರೆ ಕೆಲಸ ಮುಗಿಯಿತು

ಸತ್ಯ: ಅಲ್ಲಿಂದ ಹೊಣೆ ಶುರು.

ಜಾಹೀರಾತು ಕುಕಿಗಳ ಮೂಲಕ ಓದುಗರ ಮಾಹಿತಿ ಬಳಸುತ್ತದೆ. ಅದನ್ನು ತಿಳಿಸುವ ಖಾಸಗಿತನದ ನೀತಿ ನಿಮ್ಮ ತಾಣದಲ್ಲಿ ಇರಲೇಬೇಕೆಂಬುದು ಆಡ್‌ಸೆನ್ಸ್ ಷರತ್ತು. ಲಂಡನ್ನಿನಲ್ಲೋ ಮ್ಯೂನಿಕ್‌ನಲ್ಲೋ ಇರುವ ಕನ್ನಡಿಗರು ನಿಮ್ಮನ್ನು ಓದುತ್ತಿದ್ದರೆ, ಅವರಿಂದ ಒಪ್ಪಿಗೆ ಕೇಳುವ ಸಂದೇಶವನ್ನು ಗೂಗಲ್ ಮಾನ್ಯ ಮಾಡಿದ ಸಾಧನದಿಂದಲೇ ತೋರಿಸಬೇಕೆಂಬ ನಿಯಮ 2024ರ ಜನವರಿಯಿಂದ ಇದೆ. ‘ದಯವಿಟ್ಟು ಜಾಹೀರಾತು ಒತ್ತಿ’ ಎಂದು ಗೆಳೆಯರಿಗೆ ಹೇಳುವಂತಿಲ್ಲ. ನೀವೇ ಒತ್ತಿದರೂ, ಒತ್ತಿಸಿದರೂ ಖಾತೆ ಮುಚ್ಚಿಹೋಗಬಹುದು.

ಜಾಹೀರಾತಿಲ್ಲದಿದ್ದರೆ ಪುಸ್ತಕದ ಪುಟಗಳನ್ನು ಎಷ್ಟು ಬೇಕಾದರೂ ಹಾಕಬಹುದು ಎಂಬ ನಂಬಿಕೆಯೂ ತಪ್ಪು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ವಿಮರ್ಶೆಗಾಗಿ ನ್ಯಾಯೋಚಿತ ಬಳಕೆಗೆ ಅವಕಾಶ ಕೊಡುತ್ತದೆ. ಹಣ ಬರಲಿ ಬಿಡಲಿ, ಇಡೀ ಕಥೆಯನ್ನೇ ಎತ್ತಿ ಹಾಕಿದರೆ ಅದು ವಿಮರ್ಶೆ ಎನಿಸಿಕೊಳ್ಳುವುದಿಲ್ಲ.

ಕಲ್ಪನೆ 6: ಹವ್ಯಾಸದ ದುಡ್ಡಿಗೆ ಲೆಕ್ಕ ಬೇಕಿಲ್ಲ

ಸತ್ಯ: ಹವ್ಯಾಸದಿಂದ ಬಂದದ್ದೂ ಆದಾಯವೇ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಅದನ್ನೂ ತೋರಿಸಬೇಕು.

ಕನ್ನಡದಲ್ಲಿ ಪುಸ್ತಕಗಳ ಬಗ್ಗೆ ಬರೆಯುವವರಲ್ಲಿ ಸರ್ಕಾರಿ ಶಾಲೆ, ಕಾಲೇಜುಗಳ ಅಧ್ಯಾಪಕರು ಬಹಳ ಮಂದಿ. ಅವರು ಸೇವಾ ನಡತೆ ನಿಯಮಗಳನ್ನು ನೋಡಿಕೊಳ್ಳಲೇಬೇಕು. ಬಿಡುವಿನಲ್ಲಿ ಸಾಹಿತ್ಯದ ಕೆಲಸ ಮಾಡುವುದು ಬೇರೆ, ಜಾಹೀರಾತಿನಿಂದ ತಿಂಗಳು ತಿಂಗಳು ಆದಾಯ ಬರುವ ಏರ್ಪಾಡು ಬೇರೆ. ಮೊದಲೇ ಬರವಣಿಗೆಯಲ್ಲಿ ಇಲಾಖೆಯನ್ನು ಕೇಳಿ ಅನುಮತಿ ಪಡೆಯುವುದೇ ಕ್ಷೇಮ.

ಕಲ್ಪನೆ 7: ಜಾಹೀರಾತು ಬೇಡವೆಂದರೆ ಕೈಯಿಂದಲೇ ಹಾಕುತ್ತಿರಬೇಕು

ಸತ್ಯ: ಓದುಗರನ್ನೇ ಕೇಳುವ ದಾರಿ ನಮ್ಮ ಭಾಷೆಯಲ್ಲಿ ಗಟ್ಟಿಯಾಗಿಯೇ ಇದೆ.

1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆ ಬೆಳೆದದ್ದು ಚಂದಾದಾರರಿಂದ. ವರ್ಷಕ್ಕಿಷ್ಟು ಎಂದು ಚಂದಾ ಕಟ್ಟಿದವರ ಮನೆಗೆ ಪುಸ್ತಕಗಳು ಹೋಗುತ್ತಿದ್ದವು. ಜಿ. ಬಿ. ಜೋಶಿಯವರು ಆ ನಂಬಿಕೆಯ ಮೇಲೆಯೇ ಪ್ರಕಾಶನವನ್ನು ಕಟ್ಟಿದರು. ಈಗ ಯುಪಿಐ ಇರುವಾಗ ವರ್ಷಕ್ಕೊಮ್ಮೆ ‘ಈ ಬರಹಗಳು ಉಪಯೋಗವಾದರೆ ಒಂದು ಪುಸ್ತಕದ ಬೆಲೆ ಕೊಡಿ’ ಎಂದು ಕೇಳುವುದು ಇನ್ನೂ ಸುಲಭ. ಮೇಲಿನ ಲೆಕ್ಕದ ತಾಣದಲ್ಲಿ 200 ರೂಪಾಯಿ ಕೊಡುವ ಹತ್ತು ಓದುಗರಿದ್ದರೆ ಸಾಕು, ವರ್ಷದ ಜಾಹೀರಾತು ಆದಾಯವನ್ನು ದಾಟುತ್ತದೆ: ಅತ್ತ 1,440, ಇತ್ತ 2,000.

ಇನ್ನೊಂದು ದಾರಿ, ನೀವೇ ಆರಿಸಿದ ಒಂದು ಜಾಹೀರಾತು. ಊರಿನ ಪುಸ್ತಕದಂಗಡಿಗೋ, ರಂಗತಂಡಕ್ಕೋ ಮೂರು ತಿಂಗಳಿಗೆ ಇಂತಿಷ್ಟು ಎಂದು ದರ ಹೇಳಿ, ‘ಜಾಹೀರಾತು’ ಎಂದು ಮೇಲೆ ಬರೆದು ಹಾಕಬಹುದು. ಇದಕ್ಕೆ ಹರಾಜೂ ಬೇಡ, ಓದುಗರ ಹಿಂದೆ ಬೀಳುವ ಕೋಡೂ ಬೇಡ. ಪ್ರಕಾಶಕರ ಜಾಹೀರಾತಾದರೆ, ಅದು ತಾಣದಲ್ಲಿ ಇರುವಷ್ಟು ಕಾಲ ಅವರ ಪುಸ್ತಕ ವಿಮರ್ಶಿಸುವುದಿಲ್ಲ ಎಂಬ ನಿಯಮ ಇಟ್ಟುಕೊಂಡು ಅದನ್ನು ಓದುಗರಿಗೂ ತಿಳಿಸಿ.

ಹಾಗಾದರೆ ಏನು ಮಾಡಬೇಕು?

ಕಳೆದ ಒಂದು ವರ್ಷದ ಓದುಗರ ಸಂಖ್ಯೆ ತೆಗೆದುಕೊಂಡು ಮೇಲಿನಂತೆ ಲೆಕ್ಕ ಹಾಕಿ. ಬರುವ ಮೊತ್ತ ವರ್ಷಕ್ಕೆ ನಾಲ್ಕಾರು ಪುಸ್ತಕದ ಬೆಲೆಗಿಂತ ಕಡಿಮೆಯಿದ್ದರೆ ತಾನಾಗಿ ಮೂಡುವ ಜಾಹೀರಾತು ಬೇಡವೇ ಬೇಡ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಅದಕ್ಕಿಂತ ಹೆಚ್ಚಿದ್ದರೆ, ಅಥವಾ ಒಬ್ಬರು ನೇರವಾಗಿ ಜಾಹೀರಾತು ಕೊಡಲು ಬಂದರೆ, ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಹಣ ಬರುತ್ತಿರುವಾಗಲೂ ‘ಈ ಪುಸ್ತಕ ನನಗೆ ಹಿಡಿಸಲಿಲ್ಲ, ಕಾರಣ ಇವು’ ಎಂದು ಬರೆಯಲು ಸಾಧ್ಯವೇ? ಸಾಧ್ಯವಿದ್ದರೆ ಜಾಹೀರಾತು ಹಾಕಿ, ಯಾರ ಹಣವೆಂದು ಹೇಳಿ. ಸಾಧ್ಯವಿಲ್ಲದಿದ್ದರೆ ಮೊತ್ತ ಎಷ್ಟೇ ಇರಲಿ, ಬಿಡಿ.

ಕನ್ನಡದ ಓದುಗ 300 ರೂಪಾಯಿ ಕೊಟ್ಟು ಪುಸ್ತಕ ಕೊಳ್ಳುವ ಮುಂಚೆ ನಿಮ್ಮ ಮಾತನ್ನು ನೋಡುತ್ತಾನೆ. ಹೊಸ ಲೇಖಕಿಯ ಮೊದಲ ಪುಸ್ತಕ ಓದುಗರಿಗೆ ತಲುಪುವುದು ಹಲವು ಬಾರಿ ಇಂಥ ಒಂದು ಮಾತಿನಿಂದಲೇ. ಇಷ್ಟು ತೂಕದ ಮಾತನ್ನು ತಿಂಗಳಿಗೆ 120 ರೂಪಾಯಿಗೆ ಪಣಕ್ಕಿಡಬೇಕಾಗಿಲ್ಲ.