ಅರಿಕೆಯಿಂದಾಚೆ

ಕೇಳಿಕೊಳ್ಳುವುದಕ್ಕೆ ಕನ್ನಡದಲ್ಲಿ ಎಷ್ಟೊಂದು ಮಾತುಗಳುಂಟು! ಅರಿಕೆ, ಬಿನ್ನಹ, ವಿಜ್ಞಾಪನೆ, ಪ್ರಾರ್ಥನೆ, ಮನವಿ. ಕಾಲೇಜಿನಲ್ಲಿ ಪತ್ರಲೇಖನದ ಪಾಠ ಹೇಳುವಾಗ ಇವುಗಳ ತಾರತಮ್ಯವನ್ನು ವಿವರಿಸುತ್ತ ಬಂದವನು ನಾನು. ಇವೆಲ್ಲವೂ ಕೆಳಗೆ ನಿಂತವನು ಮೇಲೆ ಕುಳಿತವನಿಗೆ ಹೇಳುವ ಮಾತುಗಳೆಂಬುದು ಮಾತ್ರ ನನಗೆ ಹೊಳೆದದ್ದು ಕಳೆದ ಮಳೆಗಾಲದಲ್ಲಿ, ನೆರೆಮನೆಯ ಅಕ್ಕನೊಬ್ಬರಿಗಾಗಿ ಶಾಸಕರಿಗೆ ಕಾಗದ ಬರೆಯಲು ಕುಳಿತಾಗ.

ನಮ್ಮದು ಶಂಕರಪುರ; ಮಲ್ಲಿಗೆಯಿಂದ ಹೆಸರಾದ ಊರು. ಬೆಳಗ್ಗೆ ಕೊಯ್ದ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ನಾಲ್ಕು ಚೆಂಡಿಗೊಂದು ಅಟ್ಟೆಯೆಂದು ಲೆಕ್ಕ ಹಾಕಿ ಸಂಸಾರ ನಡೆಸುವವರು ಇಲ್ಲಿ ಅನೇಕರು. ಅಕ್ಕನೂ ಅವರಲ್ಲೊಬ್ಬರು. ಒಂದು ರಾತ್ರಿ ಅವರ ಯಜಮಾನರಿಗೆ ಉಬ್ಬಸ ಏರಿತು. ಸರಕಾರಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದರೆ ಅಲ್ಲಿ ದೀಪವಿತ್ತು, ವೈದ್ಯರಿರಲಿಲ್ಲ. ಮಗ ಸ್ವರವೆತ್ತಿ ಕೇಳಿದ. "ಇನ್ನೊಂದು ಮಾತಾಡಿದರೆ ಪೋಲೀಸರನ್ನು ಕರೆಸುತ್ತೇವೆ" ಎಂಬ ಉತ್ತರ ಬಂತು. ರಿಕ್ಷಾದಲ್ಲಿ ಇನ್ನೊಂದು ಆಸ್ಪತ್ರೆಗೆ ಒಯ್ದು ಜೀವ ಉಳಿಸಿಕೊಂಡರು. ಕೂಡಿಟ್ಟ ಹೂವಿನ ಹಣವೆಲ್ಲ ಅಲ್ಲಿಗೆ ತೀರಿತು.

ಇದನ್ನೆಲ್ಲ ತುಳುವಿನಲ್ಲಿ ಹೇಳಿ ಮುಗಿಸಿದ ಅಕ್ಕ ಕೊನೆಗೆ, "ಡಾಕ್ಟರಿಲ್ಲದ್ದನ್ನು ಬರೆಯಿರಿ ಮಾಷ್ಟ್ರೆ, ಪೋಲೀಸಿನ ಮಾತು ಬೇಡ. ನಾಳೆ ಪುನಃ ಅದೇ ಬಾಗಿಲಿಗೆ ಹೋಗಬೇಕಾದವರು ನಾವು" ಎಂದರು.

ಹಾಗೆಯೇ ಬರೆದೆ. "ರಾತ್ರಿ ವೇಳೆ ವೈದ್ಯರ ಅಭಾವವಿರುತ್ತದೆ, ಪರಿಹರಿಸಬೇಕಾಗಿ ಸವಿನಯ ಪ್ರಾರ್ಥನೆ." ಕೆಳಗೆ ನನ್ನದೇ ಸಹಿ. ತಿಂಗಳ ಮೇಲೆ ಉತ್ತರ ಬಂತು: "ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟವರಿಗೆ ಕಳುಹಿಸಲಾಗಿದೆ." ಕರ್ತೃವಿಲ್ಲದ ವಾಕ್ಯ! ಕಳುಹಿಸಿದವರಾರು, ಸಂಬಂಧಪಟ್ಟವರಾರು? ನಗು ಬಂತು. ಆದರೆ ನನ್ನ ವಾಕ್ಯವನ್ನು ತೆಗೆದು ನೋಡಿದರೆ ಅದಕ್ಕೂ ಕರ್ತೃವಿರಲಿಲ್ಲ. ಯಾರು ಹೋದರು, ಯಾರಿಗೆ ಏನಾಯಿತು, ಯಾರ ಬಾಯಿ ಮುಚ್ಚಿಸಲಾಯಿತು ಎಂಬುದೊಂದೂ ಅದರಲ್ಲಿಲ್ಲ. ಪ್ರಶ್ನೆಯೇ ಹಾಗಿರುವಾಗ ಉತ್ತರ ಬೇರೆಯಾದೀತೆ?

ಆ ರಾತ್ರಿಯ ಉಬ್ಬಸ ನನಗೆ ಇನ್ನೊಂದು ಉಬ್ಬಸವನ್ನು ನೆನಪಿಗೆ ತಂದಿತು. 1970ರ 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಮೇ ತಿಂಗಳಲ್ಲಿ, ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಅಸ್ತಮಾ ಪೀಡಿತೆ; ಎಂಟು ತಿಂಗಳ ಸೆರೆವಾಸದಲ್ಲಿ ತಕ್ಕ ಚಿಕಿತ್ಸೆಯಿಲ್ಲದೆ ನವೆದರು. 1977ರ ಜನವರಿಯಲ್ಲಿ ಹೊರಬಂದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಂಧನವನ್ನು ಪ್ರಶ್ನಿಸಿ ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕೇ ಆಗ ಅಮಾನತಿನಲ್ಲಿತ್ತು. 1976ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿತ್ತು. ಭಿನ್ನಮತ ಬರೆದವರು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ. ಅವರಿಗೆ ಔಷಧ ದೊರೆಯದ್ದಕ್ಕೂ ಕೇಳುವ ಬಾಯಿಗೆ ಬೀಗ ಬಿದ್ದದ್ದಕ್ಕೂ ನಂಟಿಲ್ಲವೆಂದು ಹೇಳಬಲ್ಲವರಾರು?

ಸಂವಿಧಾನದ 21ನೆಯ ಅನುಚ್ಛೇದ ಜೀವವನ್ನೂ ವೈಯಕ್ತಿಕ ಸ್ವಾತಂತ್ರ್ಯವನ್ನೂ ಒಂದೇ ವಾಕ್ಯದಲ್ಲಿ ಕಟ್ಟಿದೆ. ತುರ್ತುಪರಿಸ್ಥಿತಿಯಲ್ಲಿಯೂ ಅದನ್ನು ಅಮಾನತಿನಲ್ಲಿಡಲಾಗದಂತೆ 1978ರ 44ನೆಯ ತಿದ್ದುಪಡಿ ಕಾವಲು ಹಾಕಿತು. ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದ ಕೃಷಿ ಕಾರ್ಮಿಕನೊಬ್ಬನನ್ನು ಸರಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಹಿಂದಕ್ಕೆ ಕಳುಹಿಸಿದ ಮೊಕದ್ದಮೆಯಲ್ಲಿ, ಸಕಾಲದ ಚಿಕಿತ್ಸೆಯನ್ನು ನಿರಾಕರಿಸುವುದು ಇದೇ ಅನುಚ್ಛೇದದ ಉಲ್ಲಂಘನೆಯೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಸಾರಿತು. ಸೆರೆಮನೆಯ ಬಾಗಿಲಿಗೂ ಆಸ್ಪತ್ರೆಯ ಬಾಗಿಲಿಗೂ ಕಾನೂನು ಒಂದೇ ಎಂದಾಯಿತು. ಅಕ್ಕ ಬೇಡವೆಂದದ್ದು ಬೇರೊಂದು ವಿಷಯವಲ್ಲ, ಅದೇ ವಿಷಯದ ಉಳಿದರ್ಧ.

ಭಾಷೆಯನ್ನು ಕಲಿಸುವವನಾಗಿ ನನಗೆ ಪ್ರಿಯವಾದ ಇನ್ನೊಂದು ಅನುಚ್ಛೇದವುಂಟು, 350ನೆಯದು. ಕುಂದುಕೊರತೆಯ ನಿವಾರಣೆಗಾಗಿ ಅಧಿಕಾರಸ್ಥಾನಕ್ಕೆ ಸಲ್ಲಿಸುವ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಬರೆಯಬಹುದೆಂದು ಅದು ಹೇಳುತ್ತದೆ. ದೂರು ಹೇಳುವವನು ಮೊದಲು ದೊರೆಯ ಭಾಷೆಯನ್ನು ಕಲಿತು ಬರಲಿ ಎಂದು ನಮ್ಮ ಸಂವಿಧಾನ ಹೇಳಲಿಲ್ಲ. ಹೀಗಿರುವಾಗ ನಾನೇಕೆ ಅಕ್ಕನ ನೇರವಾದ ಮಾತನ್ನು ಸವಿನಯದ ಮುಸುಕಿನೊಳಗೆ ಅಡಗಿಸಿದೆ?

ಎರಡನೆಯ ಕಾಗದ ಬರೆದೆ. ಈ ಸಲ ತಾರೀಕು, ಹೊತ್ತು, ಆಡಿದ ಮಾತು, ಕೇಳಿದವರು ಎಲ್ಲವೂ ಇದ್ದುವು. "ಪ್ರಾರ್ಥಿಸುತ್ತೇನೆ" ಎಂಬಲ್ಲಿ "ಕೇಳುತ್ತೇನೆ" ಎಂದು ಬರೆದೆ. ಕೇಳಿದ್ದು ಎರಡೇ: ರಾತ್ರಿ ವೈದ್ಯರಿರಬೇಕು, ಇಲ್ಲವೇಕೆಂದು ಪ್ರಶ್ನಿಸಿದವನನ್ನು ಬೆದರಿಸಬಾರದು. ಅಕ್ಕ ಬೇಡವೆಂದರೆ ಹರಿದುಹಾಕುವುದೆಂದು ನಿಶ್ಚಯಿಸಿ ಜಗಲಿಯಲ್ಲಿ ಕುಳಿತು ತುಳುವಿನಲ್ಲಿ ಓದಿ ಹೇಳಿದೆ.

ಮೊಗ್ಗು ಕಟ್ಟುತ್ತಿದ್ದ ಕೈ ನಿಂತಿತು. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ನಿಮ್ಮ ಹೆಸರು ಬೇಡ ಮಾಷ್ಟ್ರೆ. ಹೋಗಿ ಬಂದವರು ನಾವಲ್ಲವೆ?" ಎಂದು ಸೆರಗಿಗೆ ಕೈಯೊರಸಿಕೊಂಡು, ಕನ್ನಡದಲ್ಲಿ, ಒಂದೊಂದೇ ಅಕ್ಷರವಾಗಿ ತಮ್ಮ ಹೆಸರು ಬರೆದರು. ವಾಕ್ಯಕ್ಕೆ ಕರ್ತೃ ಬಂದಂತಾಯಿತು.

ಉತ್ತರ ಇನ್ನೂ ಬಂದಿಲ್ಲ. ಬಾರದಿದ್ದರೆ ಮೂರನೆಯದನ್ನು ಬರೆಯಬೇಕಂತೆ, ಹಾಗೆಂದವರು ಅಕ್ಕನೇ.