ಲಿಂಬೆ ಎಲೆ ಮೂಸಿದರೆ ವಾಕರಿಕೆ ನಿಂತೀತೇ?

ಕಳೆದ ಆಟಿ ತಿಂಗಳು. ಮಳೆ ಹೊಳವಾದ ದಿನ ನೋಡಿ ಅಡಿಕೆಗೆ ಎರಡನೇ ಮದ್ದು ಬಿಡಿಸುತ್ತಿದ್ದೆ. ಊಟಕ್ಕೆಂದು ಮನೆಗೆ ಬಂದರೆ ಸೊಸೆ ಬಚ್ಚಲ ಗೋಡೆಗೆ ಒರಗಿ ಕೂತಿದ್ದಾಳೆ. ಬಸಿರು, ಮೂರನೇ ತಿಂಗಳು. ಒಗ್ಗರಣೆ ಘಾಟು ಆಗದು, ಕೊಳೆತ ಅಡಿಕೆಯ ವಾಸನೆ ಆಗದು, ಗಂಜಿಯ ಹಬೆಯೂ ಆಗದು.

ನಮ್ಮ ಮನೆಮಾತು ತೆಲುಗು, ಓದು ಬರಹ ಕನ್ನಡ, ಮುಳ್ಳೇರಿಯ ಪೇಟೆಯಲ್ಲಿ ವ್ಯಾಪಾರಕ್ಕೆ ಮಲಯಾಳ. ಈ ಸಂಕಟಕ್ಕೆ ತೆಲುಗಿನಲ್ಲಿ ‘ವೇವಿಳ್ಳು’ ಅನ್ನುತ್ತೇವೆ. ಹೆಸರು ಯಾವುದಾದರೇನು, ಹತ್ತು ಬಸುರಿಯರಲ್ಲಿ ಏಳೆಂಟು ಮಂದಿಗೆ ಇದು ತಪ್ಪಿದ್ದಲ್ಲ.

ನೆರೆಮನೆಯ ಅಜ್ಜಿ ಒಂದು ಲಿಂಬೆ ಎಲೆ ಕಿತ್ತು, ಹಿಸುಕಿ ಮೂಸಲು ಕೊಟ್ಟರು. ಸ್ವಲ್ಪ ಹೊತ್ತಿಗೆ ಸೊಸೆ, “ಮಾಮಯ್ಯಾ, ಕಾಸ್ತ ಬಾಗುಂದಿ” ಎಂದಳು. ಅಂದರೆ, ತುಸು ವಾಸಿ.

ಅಜ್ಜಿಯ ಮದ್ದು ಸುಳ್ಳಲ್ಲ. ಇರಾನಿನಲ್ಲಿ 100 ಮಂದಿ ಗರ್ಭಿಣಿಯರ ಮೇಲೆ ನಡೆದ ಪರೀಕ್ಷೆಯ ವರದಿ 2014ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿಗೆ ಹತ್ತಿಯಲ್ಲಿ ಲಿಂಬೆ ತೈಲ, ಉಳಿದವರಿಗೆ ಬರೀ ಬಾದಾಮಿ ಎಣ್ಣೆ. ನಾಲ್ಕು ದಿನದಲ್ಲಿ ಲಿಂಬೆ ಮೂಸಿದವರ ವಾಕರಿಕೆ ಹೆಚ್ಚು ತಗ್ಗಿತ್ತು. ಆದರೆ ಪುದೀನ ಎಣ್ಣೆಯ ಪರೀಕ್ಷೆಯಲ್ಲಿ ಅಂಥ ಗುಣ ಸ್ಪಷ್ಟವಾಗಿ ಕಾಣಲಿಲ್ಲ. ಎಲ್ಲ ಪರಿಮಳವೂ ಮದ್ದಲ್ಲ ಎಂದಾಯಿತು.

ನಾನು ತಪ್ಪಿದ್ದು ಮುಂದೆ. ವಾರ ಕಳೆಯಿತು. ಸೊಸೆಗೆ ನೀರು ಕೂಡ ಹೊಟ್ಟೆಯಲ್ಲಿ ನಿಲ್ಲದಾಯಿತು. “ಬಸುರಿಗೆ ವಾಂತಿ ಇದ್ದದ್ದೇ, ನಾವು ಹೆರಲಿಲ್ಲವಾ?” ಎಂದಳು ಹೆಂಡತಿ. ನಾನೂ ತಲೆಯಾಡಿಸಿ ಇನ್ನೆರಡು ಲಿಂಬೆ ಎಲೆ ಕಿತ್ತು ತಂದೆ! ಮರುದಿನ ಅವಳು ಎದ್ದು ನಿಂತರೆ ತಲೆಸುತ್ತು. ಜೀಪು ಮಾಡಿಸಿ ಪೇಟೆಯ ಆಸ್ಪತ್ರೆಗೆ ಕರೆದೊಯ್ದೆವು. ಎರಡು ದಿನ ಡ್ರಿಪ್ ಹಾಕಿದರು. “ಮೊದಲೇ ಯಾಕೆ ತರಲಿಲ್ಲ?” ಎಂದು ಡಾಕ್ಟರು ಕೇಳಿದಾಗ ನನ್ನ ಬಾಯಲ್ಲಿ ಎರಡು ಭಾಷೆಯೂ ಹೊರಡಲಿಲ್ಲ.

ಇದು ಹೆಂಗಸರ ನಾಜೂಕು ಅಲ್ಲ. ಭ್ರೂಣದ ಕಡೆಯಿಂದ ತಾಯಿಯ ರಕ್ತಕ್ಕೆ ಬರುವ ಜಿಡಿಎಫ್15 ಎಂಬ ಹಾರ್ಮೋನು ಇದಕ್ಕೆ ಮುಖ್ಯ ಕಾರಣ, ಬಸಿರಿಗೆ ಮುಂಚೆ ಅದು ಮೈಯಲ್ಲಿ ಕಡಿಮೆ ಇದ್ದವರಿಗೆ ಕಾಟ ಜಾಸ್ತಿ ಎಂದು 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸಂಶೋಧಕರು ತೋರಿಸಿದರು.

ಆದ್ದರಿಂದ ಗಂಡಸರಿಗೇ ನಾಲ್ಕು ಮಾತು. ಪರಿಮಳ ಕೊಡುವ ಮೊದಲು ಆಗದ ವಾಸನೆಯನ್ನು ದೂರ ಮಾಡಿ, ಬೀಡಿಯನ್ನೂ ಸೇರಿಸಿ. ಅಡಿಕೆ ಮರದಡಿಯ ಲಿಂಬೆ ಗಿಡಕ್ಕೆ ತುತ್ತು ಸುಣ್ಣ ಸಿಡಿದಿರುತ್ತದೆ, ಎಲೆ ತೊಳೆದೇ ಕೊಡಿ. ಅಂಗಡಿಯ ಸುಗಂಧ ತೈಲವನ್ನು ಕುಡಿಸಬೇಡಿ, ಹಾಗೇ ಮೈಗೆ ತಿಕ್ಕಬೇಡಿ, ಕರ್ಪೂರ ಬೆರೆತದ್ದಂತೂ ಬೇಡ. ಒಂದು ದಿನವಿಡೀ ನೀರು ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಬಣ್ಣ ಕಡುವಾದರೆ, ತಲೆಸುತ್ತು ಬಂದರೆ ಆಶಾ ಕಾರ್ಯಕರ್ತೆಗೆ ತಿಳಿಸಿ ಆಸ್ಪತ್ರೆಗೆ ಹೊರಡಿ. ಬಸಿರಿನಲ್ಲಿ ಕೊಡಬಹುದಾದ ವಾಂತಿಯ ಮಾತ್ರೆಗಳಿವೆ, ಅವನ್ನು ಡಾಕ್ಟರೇ ಬರೆದುಕೊಡಬೇಕು. 1950ರ ದಶಕದ ಕೊನೆಗೆ ಪರದೇಶಗಳಲ್ಲಿ ಬಸುರಿಯರು ವಾಂತಿಗೆಂದು ನುಂಗಿದ ಥಾಲಿಡೊಮೈಡ್ ಸಾವಿರಾರು ಮಕ್ಕಳ ಕೈಕಾಲು ಕಸಿಯಿತು.

ಉಸಿರಿನೊಳಗೆ ಏನು ಹೋಗುತ್ತದೆ ಎಂಬ ಚಿಂತೆ ಕಾರಡ್ಕದವರಿಗೆ ಹೊಸತಲ್ಲ. ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ 2000ದವರೆಗೆ ಸುರಿದ ಎಂಡೋಸಲ್ಫಾನಿನ ನೋವು ಕಂಡ ಪಂಚಾಯತುಗಳಲ್ಲಿ ನಮ್ಮದೂ ಒಂದು. ಬಸುರಿ ಹೆಂಗಸು “ಆಗುವುದಿಲ್ಲ” ಎಂದರೆ ಇಲ್ಲಿ ನಾವು ಮೊದಲು ಕಿವಿಗೊಡಬೇಕು.

ಮೊಮ್ಮಗಳು ಈಗ ತೊಟ್ಟಿಲಲ್ಲಿದ್ದಾಳೆ. ಲಿಂಬೆ ಗಿಡ ಹಿತ್ತಿಲಲ್ಲೇ ಇದೆ. ಮೊದಲ ವಾಕರಿಕೆಗೆ ಅದರ ಎಲೆ ಸಾಕು. ನೀರು ನಿಲ್ಲದ ದಿನ ಮಾತ್ರ ನಾನು ಹಿತ್ತಿಲಿಗೆ ಹೋಗುವವನಲ್ಲ, ಜೀಪಿಗೆ ಫೋನು ಮಾಡುವವನು.