ಸರಕಾರ ಕೇಳುವ ಪ್ರಶ್ನೆ, ಹೊಲ ಹೇಳುವ ಉತ್ತರ

ಇರಕಲ್ಲಗಡಕ್ಕೂ ಕಡಲಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಕೊಪ್ಪಳ ತಾಲ್ಲೂಕಿನ ಈ ಹೋಬಳಿಯ ಊರಿನಿಂದ ನೇರವಾಗಿ ಗೆರೆಯೆಳೆದು ಅಳೆದರೂ ಕಾರವಾರದ ತೀರ ಇನ್ನೂರು ಕಿಲೋಮೀಟರಿಗೆ ಮಿಗಿಲು. ಹೆಸರಿನಲ್ಲಿಯೇ ಗಡವನ್ನು, ಎಂದರೆ ಕೋಟೆಯನ್ನು, ಇಟ್ಟುಕೊಂಡಿರುವ ಊರು. ಸುತ್ತಲೂ ಮಳೆಯನ್ನು ನಂಬಿದ ಹೊಲಗಳು. ಆದರೂ ಆ ದೂರದ ಕಡಲ ಮೇಲಿನ ಗಾಳಿ ಸಹ್ಯಾದ್ರಿಯನ್ನೇರಿ, ತನ್ನಲ್ಲಿದ್ದ ನೀರಿನ ಬಹುಪಾಲನ್ನು ಮಲೆನಾಡಿಗೆ ಸುರಿದು, ಮಿಕ್ಕುದನ್ನು ಹೊತ್ತು ಇತ್ತ ಬಂದರಷ್ಟೇ ಇಲ್ಲಿ ಸಜ್ಜೆ ಮೊಳೆಯುವುದು. ಅದು ಕೈಕೊಟ್ಟ ವರ್ಷ ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ಹಿಂಗಾರಿನ ದಾರಿ ನೋಡಬೇಕು. ವರ್ಷಕ್ಕೆ ಸುಮಾರು 600 ಮಿಲಿಮೀಟರು—ಕೊಪ್ಪಳ ಸೀಮೆಗೆ ಎರಡು ಕಡಲುಗಳೂ ಸೇರಿ ಕೊಡುವ ಪಾಲು ಇಷ್ಟೆ.

ಕಡಲು ಕೊಟ್ಟುದೆಷ್ಟು, ಅದರಿಂದ ನೆಲದಲ್ಲಿ ಬೆಳೆದುದೆಷ್ಟು ಎಂಬುದನ್ನು ಸರಕಾರ ವರ್ಷವರ್ಷವೂ ವಿಚಾರಿಸುತ್ತದೆ. ನಗರವಾಸಿಗಳಾದ ನಮಗೆ ಸಮೀಕ್ಷೆಯೆಂದರೆ ಭಾನುವಾರದ ಬಿಡುವನ್ನು ಕೆಡಿಸಲು ಬಾಗಿಲು ತಟ್ಟುವ ಒಬ್ಬ ಉಪಾಧ್ಯಾಯ, ಅವರ ಕೈಯ ಪಟ್ಟಿ, ನಾವು ಅವಸರದಲ್ಲಿ ಕೊಡುವ ನಾಲ್ಕು ಉತ್ತರಗಳು. ಮಳೆಯನ್ನು ನಂಬಿದ ಊರಿನಲ್ಲಿ ಹಾಗಲ್ಲ. ಅಲ್ಲಿ ಒಂದು ಉತ್ತರ ಪಟ್ಟಿಯಲ್ಲಿ ತಪ್ಪಾಗಿ ಬಿದ್ದರೆ ವಿಮೆಯ ಹಣ ಹೋಯಿತು, ಪರಿಹಾರದ ಹಣ ಹೋಯಿತು, ಮುಂದಿನ ವರ್ಷದ ಬೀಜಕ್ಕೆ ಸಾಲ ಹುಟ್ಟಿತು. ಆದುದರಿಂದ ಯಾರನ್ನು ಕೇಳಿದರು, ಏನೆಂದು ಕೇಳಿದರು ಎಂಬುದು ಅಲ್ಲಿ ಬದುಕಿಗೆ ಸೇರಿದ ಮಾತು.

ಮೊದಲು ಮಳೆಯನ್ನೇ ನೋಡೋಣ. ಭಾರತೀಯ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪಿತವಾಯಿತು. ಅಂದಿನಿಂದ ಮಳೆಯನ್ನು ಅಳೆಯುವ ಕ್ರಮ ಬಹಳ ಸರಳವಾದುದು. ಹಳೆಯ ಸೈಮನ್ಸ್ ಮಳೆಮಾಪಕಕ್ಕೆ ಐದು ಅಂಗುಲದ ಬಾಯಿ. ಅದರೊಳಗೆ ಬಿದ್ದ ನೀರನ್ನು ಬೆಳಿಗ್ಗೆ 8.30ಕ್ಕೆ ಗೆರೆ ಹಾಕಿದ ಗಾಜಿನ ಪಾತ್ರೆಗೆ ಸುರಿದು ಅಳೆಯುತ್ತಾರೆ. 2.5 ಮಿಲಿಮೀಟರು ಅಥವಾ ಅದಕ್ಕಿಂತ ಹೆಚ್ಚಾದರೆ ಅದು ‘ಮಳೆಯ ದಿನ’, ಕಡಿಮೆಯಾದರೆ ಅಲ್ಲ. ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯವಲ್ಲ. 1988ರಲ್ಲಿಯೇ ಬರಗಾಲದ ಉಸ್ತುವಾರಿಗೆಂದು ಇಲ್ಲಿ ಒಂದು ಘಟಕ ಹುಟ್ಟಿತು. ಅದೇ ಬೆಳೆದು ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ತಾನೇ ಅಳೆದು ತಾನೇ ಸುದ್ದಿ ಕಳಿಸುವ ಮಾಪಕಗಳನ್ನು ಆ ಕೇಂದ್ರ ನೆಟ್ಟಿತು. ರೈತ ತಾನೇ ಕೇಳಿ ತಿಳಿಯಲೆಂದು ‘ವರುಣಮಿತ್ರ’ ಎಂಬ ದೂರವಾಣಿಯ ಏರ್ಪಾಟನ್ನೂ ಮಾಡಿತು. ಇದು ಸಣ್ಣ ಕೆಲಸವಲ್ಲ.

ಆದರೆ ಮಾಪಕ ಹೇಳುವುದು ತನ್ನ ಬಾಯಿಯೊಳಗೆ ಬಿದ್ದ ಮಳೆಯನ್ನು. ಬಯಲುಸೀಮೆಯ ಮಳೆಯ ಸ್ವಭಾವ ಬಲ್ಲವರಿಗೆ ಇದರ ತೊಡಕು ಥಟ್ಟನೆ ಹೊಳೆಯುತ್ತದೆ. ಎತ್ತಿನ ಒಂದು ಕೋಡಿಗೆ ಮಳೆ, ಇನ್ನೊಂದು ಕೋಡಿಗೆ ಬಿಸಿಲು ಎಂದು ನಗೆಯಾಡುವ ಸೀಮೆ ಇದು. ಪಂಚಾಯತಿಯ ಮಾಪಕದಲ್ಲಿ 20 ಮಿಲಿಮೀಟರು ದಾಖಲಾದ ದಿನ ಮೂರು ಮೈಲಿಯಾಚೆಯ ಹೊಲದಲ್ಲಿ ಧೂಳು ಅಡಗಿರುವುದೂ ಇಲ್ಲ. ಒಂದು ಎಕರೆಯ ಮೇಲೆ ಬೀಳುವ ಒಂದು ಮಿಲಿಮೀಟರು ಮಳೆಯೆಂದರೆ ನಾಲ್ಕು ಸಾವಿರ ಲೀಟರು ನೀರು. ಇಪ್ಪತ್ತು ಮಿಲಿಮೀಟರಿನ ವ್ಯತ್ಯಾಸವೆಂದರೆ ಎಂಬತ್ತು ಸಾವಿರ ಲೀಟರು ಒಬ್ಬನಿಗೆ ಬಂದು, ಇನ್ನೊಬ್ಬನಿಗೆ ಬಾರದೆ ಹೋದುದು. ಕಾಗದದ ಮೇಲೆ ಇಬ್ಬರಿಗೂ ಒಂದೇ ಮಳೆ.

ಇನ್ನೊಂದು ತೊಡಕು ಭಾಷೆಗೆ ಸೇರಿದುದು. ಇದನ್ನು ಹೇಳದೆ ಬಿಟ್ಟರೆ ಕನ್ನಡ ಪಾಠ ಹೇಳುವವನಾದ ನನಗೆ ಸಮಾಧಾನವಾಗದು. ಈ ಕಡೆಯ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳಿಗೆ ಒಮ್ಮೆ ಒಂದು ಕೆಲಸ ಹೇಳಿದೆ: ಮನೆಯ ಹಿರಿಯರನ್ನು ‘ಈ ಸಲ ಮಳೆ ಹೇಗಾಯಿತು?’ ಎಂದು ಕೇಳಿ, ಅವರು ಹೇಳಿದುದನ್ನು ಹೇಳಿದಂತೆಯೇ ಬರೆದು ತನ್ನಿ ಎಂದು. ಒಬ್ಬರ ಉತ್ತರದಲ್ಲಿಯೂ ಮಿಲಿಮೀಟರು ಇರಲಿಲ್ಲ. ಮೃಗಶಿರದಲ್ಲಿ ಕೂರಿಗೆ ಹೂಡುವಂಥ ಮಳೆ ಆಯಿತು. ಆರಿದ್ರ ಹುಸಿ ಹೋಯಿತು. ಪುಷ್ಯದಲ್ಲಿ ಜಿಟಿಜಿಟಿ ಹಿಡಿದು ಕಳೆ ತೆಗೆಯಲು ಬಿಡುವೇ ಸಿಗಲಿಲ್ಲ. ಹುಬ್ಬೆಯಲ್ಲಿ ಒಂದೇ ರಾತ್ರಿ ಹಳ್ಳ ಬಂದು ಬದು ಒಡೆಯಿತು. ಒಬ್ಬ ಅಜ್ಜ ಹೇಳಿದ ಮಾತು ನನ್ನ ನೆನಪಿನಲ್ಲಿ ಉಳಿದಿದೆ: “ಮಳಿ ಆತು ತಮ್ಮಾ, ಆದ್ರ ಹಸಿ ಇಳೀಲಿಲ್ಲ.” ಮಳೆ ಬಿದ್ದಿತು, ಆದರೆ ತೇವ ನೆಲದೊಳಕ್ಕೆ ಇಳಿಯಲಿಲ್ಲ. ಎರೆಯ ಹೊಲದಲ್ಲಿ ಎಷ್ಟು ಗೇಣು ಹಸಿ, ಮಸಾರಿಯಲ್ಲಿ ಎಷ್ಟು, ಅದು ಎಷ್ಟು ದಿನ ತಡೆದೀತು ಎಂಬುದು ಅವರ ಮಾಪನ. ಹದಿಮೂರು ಹದಿನಾಲ್ಕು ದಿನಗಳ ಒಂದೊಂದು ನಕ್ಷತ್ರಕ್ಕೂ ಹೊಲದಲ್ಲಿ ಒಂದೊಂದು ಕೆಲಸ ಗೊತ್ತಾಗಿರುವುದರಿಂದ, ಎಷ್ಟು ಬಿದ್ದಿತು ಎನ್ನುವುದಕ್ಕಿಂತ ಯಾವಾಗ ಬಿದ್ದಿತು ಎನ್ನುವುದು ಅವರಿಗೆ ದೊಡ್ಡದು. ಹವಾಮಾನ ಶಾಸ್ತ್ರಕ್ಕೆ ಈ ಮಾತು ಹೊಸದಲ್ಲ. ಮಣ್ಣಿನ ತೇವಾಂಶ, ಮಳೆಗಳ ನಡುವಣ ಒಣಗಾಲ ಎಂದು ಅದೂ ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ ಅಜ್ಜನ ಉತ್ತರಕ್ಕೆ ಜಾಗವಿಲ್ಲ, ಅಷ್ಟೆ.

ವ್ಯಾಕರಣದಲ್ಲಿ ಪ್ರಶ್ನೆಗಳು ಎರಡು ಬಗೆ. ‘ಮಳೆ ಬಂದಿತೆ?’ ಎಂದರೆ ಹೌದು, ಅಲ್ಲ, ಮೂರನೆಯದಕ್ಕೆ ಎಡೆಯಿಲ್ಲ. ‘ಮಳೆ ಹೇಗೆ ಬಂದಿತು?’ ಎಂದರೆ ಬಾಯಿ ಬಿಡಬಹುದು. ಸರಕಾರದ ಪಟ್ಟಿಗಳೆಲ್ಲ ಮೊದಲನೆಯ ಬಗೆಯವು. ಲಕ್ಷಾಂತರ ಜನರನ್ನು ಕೇಳಿ ಮೊತ್ತ ಹಾಕಬೇಕಾದವರಿಗೆ ಬೇರೆ ದಾರಿಯಿಲ್ಲವೆಂಬುದನ್ನು ಒಪ್ಪೋಣ. ಆದರೂ ಅದರ ಬೆಲೆಯನ್ನು ಯಾರೋ ತೆರುತ್ತಾರೆ.

ಹಿಂದೆ ಈ ಲೆಕ್ಕ ಆಣೆಗಳಲ್ಲಿ ನಡೆಯುತ್ತಿತ್ತು. ಹದಿನಾರಾಣೆಯೆಂದರೆ ಪೂರ್ಣ ಬೆಳೆ. ಊರಿನ ಬೆಳೆ ಎಷ್ಟಾಣೆಯೆಂದು ಕಂದಾಯದವರು ಅಂದಾಜು ಕಟ್ಟುವುದಕ್ಕೆ ಆಣೆವಾರಿಯೆಂದು ಹೆಸರು. 1918ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ನಡೆದ ಸತ್ಯಾಗ್ರಹದ ಬುಡದಲ್ಲಿದ್ದುದು ಈ ಆಣೆವಾರಿಯೇ. ಬೆಳೆ ನಾಲ್ಕಾಣೆಗಿಂತ ಕಡಿಮೆಯಾದರೆ ಆ ವರ್ಷದ ಕಂದಾಯ ತಡೆಹಿಡಿಯಬೇಕೆಂದು ನಿಯಮವಿತ್ತು. ಅಧಿಕಾರಿಗಳು ಬೆಳೆ ಹೆಚ್ಚೆಂದರು, ರೈತರು ಕಡಿಮೆಯೆಂದರು. ಗಾಂಧೀಜಿ ಮಾಡಿದ ಮೊದಲ ಕೆಲಸವೆಂದರೆ ಸಂಗಡಿಗರೊಡನೆ ನೂರಾರು ಹಳ್ಳಿಗಳನ್ನು ಸುತ್ತಿ, ಬೆಳೆ ಎಷ್ಟೆಂದು ತಾವೇ ವಿಚಾರಿಸಿದುದು. ಸರಕಾರದ ಸಮೀಕ್ಷೆಗೆ ಎದುರಾಗಿ ಜನರ ಸಮೀಕ್ಷೆ.

ಇಂದು ಅಂದಾಜಿನ ಬದಲು ಚಿತ್ರ ಬಂದಿದೆ. 2020ರ ಮುಂಗಾರಿನಲ್ಲಿ ಕರ್ನಾಟಕ ಸರಕಾರ ರೈತರಿಗೇ ತಮ್ಮ ಬೆಳೆಯ ವಿವರ ತಿಳಿಸುವ ಅವಕಾಶ ಕೊಟ್ಟಿತು. ಹೊಲದಲ್ಲಿ ನಿಂತು ಮೊಬೈಲಿನಲ್ಲಿ ಬೆಳೆಯ ಚಿತ್ರ ತೆಗೆದು, ಸರ್ವೆ ನಂಬರಿನೊಡನೆ ಕಳಿಸಬೇಕು. ಅದು ಸಾಧ್ಯವಾಗದವರ ಹೊಲಕ್ಕೆ ಊರಿನದೇ ಒಬ್ಬ ಯುವಕನನ್ನು ಕಳಿಸಿ ಮಾಡಿಸುತ್ತಾರೆ. ಇಲಾಖೆಯ ಭಾಷೆಯಲ್ಲಿ ಅವನು ‘ಖಾಸಗಿ ನಿವಾಸಿ’. ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸುವುದಕ್ಕೂ ದಾರಿಯುಂಟು. ಪಹಣಿಯ ಬೆಳೆಯ ಕಾಲಮ್ಮು, ಬೆಂಬಲ ಬೆಲೆಯ ಖರೀದಿ, ಬೆಳೆ ವಿಮೆ, ಬರ ಪರಿಹಾರ ಎಲ್ಲವೂ ಈ ಒಂದು ಉತ್ತರವನ್ನು ನೋಡುತ್ತವೆ. ಕೇಳಬೇಕಾದವರನ್ನೇ ಕೇಳಿದ ಈ ಕ್ರಮವನ್ನು ಮೆಚ್ಚತಕ್ಕದ್ದೇ. ವಿಮೆಯ ಲೆಕ್ಕ ಮಾತ್ರ ಹೊಲಹೊಲಕ್ಕೆ ಹಾಕುವಂಥದಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯತಿಯೇ ಘಟಕ. ಅಲ್ಲಿ ನಾಲ್ಕು ಕಡೆ ಬೆಳೆ ಕೊಯ್ದು ತೂಗಿ ಸರಾಸರಿ ಕಟ್ಟುತ್ತಾರೆ. ಆ ನಾಲ್ಕು ಹೊಲಗಳ ಮೇಲೆ ಮಳೆ ಬಿದ್ದು ನಿಮ್ಮ ಹೊಲದ ಮೇಲೆ ಬೀಳದಿದ್ದರೆ ನೀವು ಬೆಳೆದಂತೆಯೇ ಲೆಕ್ಕ.

ಕಣ್ಣಿಗೆ ಕಂಡುದನ್ನೇ ನಂಬಿದರೆ ಏನಾಗುತ್ತದೆಂಬುದಕ್ಕೆ 2023 ಒಳ್ಳೆಯ ಸಾಕ್ಷಿ. ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಕೊಪ್ಪಳದ ತಾಲ್ಲೂಕುಗಳೂ ಅವುಗಳಲ್ಲಿದ್ದವು. ಅಕ್ಟೋಬರಿನಲ್ಲಿ ಕೇಂದ್ರದ ತಂಡ ನೋಡಲು ಬಂದಾಗ ಎಷ್ಟೋ ಕಡೆ ಹೊಲಗಳು ಹಸಿರಾಗಿದ್ದವು! ತಡವಾಗಿ ಬಂದ ಮಳೆಗೆ ದಂಟು ಚಿಗುರಿತ್ತು, ತೆನೆಯಲ್ಲಿ ಕಾಳು ಕಟ್ಟಿರಲಿಲ್ಲ. ಇದನ್ನು ‘ಹಸಿರು ಬರ’ವೆಂದು ರಾಜ್ಯ ಸರಕಾರ ವಿವರಿಸಬೇಕಾಯಿತು. ಆಕಾಶದಿಂದ ನೋಡುವ ಉಪಗ್ರಹಕ್ಕೆ ಎಲೆಯ ಹಸಿರು ಕಾಣುತ್ತದೆ. ತೆನೆಯನ್ನು ಹಿಸುಕಿ ನೋಡಿದವನಿಗೆ ಮಾತ್ರ ಜೊಳ್ಳು ತಿಳಿಯುತ್ತದೆ. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2024ರ ಏಪ್ರಿಲಿನಲ್ಲಿ ಬಂದದ್ದು 3,454 ಕೋಟಿ. ಎರಡು ಸರಕಾರಗಳ ಜಗಳದಲ್ಲಿ ಯಾರದು ಸರಿಯೆಂಬುದನ್ನು ಓದುಗರೇ ತೂಗಿಕೊಳ್ಳಲಿ. ಜೊಳ್ಳು ತೆನೆ ಹಿಡಿದು ನಿಂತವನಿಗೆ ಬಿತ್ತನೆಯ ಋತು ಕಳೆದು, ಮತ್ತೊಂದು ಬೇಸಗೆಯೇ ಬಂದಿತ್ತು.

ನೆಲದವರ ಕಥೆ ಹೀಗಾದರೆ ನೀರಿನವರದೂ ಇದಕ್ಕೆ ಹೊರತಲ್ಲ. ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನಲ್ಲಿ 1953ರಿಂದ ನೀರು ಹಿಡಿದು ನಿಂತಿರುವ ತುಂಗಭದ್ರಾ ಜಲಾಶಯ ತುಂಬಿದಾಗ 378 ಚದರ ಕಿಲೋಮೀಟರು ಹರಡುತ್ತದೆ. ಅದರ ಹಿನ್ನೀರಿನಲ್ಲಿ ಬಲೆ ಬೀಸಿ ಬದುಕುವವರಿದ್ದಾರೆ. ಮೀನುಗಾರಿಕೆಯ ಬಗ್ಗೆ ನಮ್ಮ ದೇಶದಲ್ಲಿ ಸರಕಾರ ನಡೆಸಿದ ಹಳೆಯ ವಿಚಾರಣೆಗಳಲ್ಲೊಂದು ಫ್ರಾನ್ಸಿಸ್ ಡೇ ಎಂಬ ವೈದ್ಯನದು. ಮದರಾಸು ಸೇನೆಯಲ್ಲಿದ್ದ ಈತ, ಸಿಹಿನೀರಿನ ಮೀನು ಕ್ಷೀಣಿಸುತ್ತಿದೆಯೆ, ಬಲೆಯ ಕಣ್ಣು ಎಷ್ಟು ಸಣ್ಣದು, ಮರಿಗಳನ್ನು ಕೊಲ್ಲುತ್ತಾರೆಯೆ ಎಂದು ಊರೂರಿನ ಅಧಿಕಾರಿಗಳಿಗೆ ಪ್ರಶ್ನೆ ಕಳಿಸಿ, ಬಂದ ಉತ್ತರಗಳನ್ನು 1873ರ ವರದಿಯಲ್ಲಿ ಅಚ್ಚು ಹಾಕಿಸಿದ. ಯುರೋಪಿಯನ್ ಅಧಿಕಾರಿಗಳ ಅಭಿಪ್ರಾಯ ಒಂದು ಕಡೆ, ತಹಶೀಲ್ದಾರರೇ ಮುಂತಾದ ದೇಶೀಯರದು ಇನ್ನೊಂದು ಕಡೆ. ಕೊಪ್ಪಳ ಆಗ ನಿಜಾಮರ ರಾಜ್ಯದೊಳಗಿನ ಸಾಲಾರ್ ಜಂಗರ ಜಾಗೀರು. ಪ್ರಶ್ನೆಗಳು ಒಳ್ಳೆಯವೇ. ಆದರೆ ಅವು ಹೋದದ್ದು ಕಚೇರಿಗೆ. ಬಲೆ ಹೆಣೆಯುವವನ ಗುಡಿಸಲಿಗಲ್ಲ. ಮೀನು ಹಿಡಿಯಲು ಸಿಡಿಮದ್ದು, ವಿಷ ಬಳಸಬಾರದೆಂಬ ಕಾಯಿದೆ ಬಂದದ್ದು ಇಪ್ಪತ್ತನಾಲ್ಕು ವರ್ಷಗಳ ಮೇಲೆ, 1897ರಲ್ಲಿ.

ಕಡಲ ಮೀನುಗಾರರ ಮನೆಮನೆಗೆ ಹೋಗಿ ದೇಶದಾದ್ಯಂತ ಎಣಿಸಿದ್ದು 1980ರಲ್ಲಿ. ಆಮೇಲೆ 2005, 2010, 2016. ನಮ್ಮ ಕರಾವಳಿಯಲ್ಲಿ 144 ಮೀನುಗಾರ ಗ್ರಾಮಗಳಿವೆಯೆಂದು 2010ರ ಗಣತಿ ಲೆಕ್ಕಹಾಕಿತು. 2025ರ ನವೆಂಬರ್-ಡಿಸೆಂಬರಿನಲ್ಲಿ, 45 ದಿನಗಳಲ್ಲಿ, ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಮತ್ತೊಂದು ಗಣತಿ ನಡೆಸಿತು. ಈ ಸಲ ಕಾಗದವಿಲ್ಲ, ಎಲ್ಲವೂ ಮೊಬೈಲಿನಲ್ಲಿ. ಇದರಲ್ಲಿ ನನಗೆ ಹಿಡಿಸಿದ ಸಂಗತಿಯೆಂದರೆ ಎಣಿಸಲು ಮೀನುಗಾರರ ಸಮುದಾಯದವರನ್ನೇ ತೆಗೆದುಕೊಂಡದ್ದು. ಸಾಲವೆಷ್ಟು ಎಂದು ಅಪರಿಚಿತ ಕೇಳಿದರೆ ಬರುವ ಉತ್ತರ ಒಂದು, ತಮ್ಮ ಕೇರಿಯ ಹುಡುಗಿ ಕೇಳಿದರೆ ಬರುವುದು ಇನ್ನೊಂದು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವೂ ಇದೇ ಹಾದಿ ಹಿಡಿದಿದೆ. ಕಡಲಿನ ಮೇಲ್ಮೈಯ ಶಾಖವನ್ನೂ ನೀರಿನ ಹಸಿರನ್ನೂ ಉಪಗ್ರಹದಿಂದ ನೋಡಿ, ಇಂಥಲ್ಲಿ ಮೀನು ಸಿಕ್ಕೀತೆಂದು ಅದು ದಡಕ್ಕೆ ಸೂಚನೆ ಕಳಿಸುತ್ತದೆ. ಸಿಕ್ಕಿತೋ ಇಲ್ಲವೋ ಎಂದು ಹೋಗಿಬಂದವರನ್ನು ಕೇಳಿ ತನ್ನ ಸೂಚನೆಯನ್ನು ಪರೀಕ್ಷಿಸಿಕೊಳ್ಳುತ್ತದೆ. ಮಳೆಯ ಮುನ್ಸೂಚನೆ ನಿಜವಾಯಿತೆ ಎಂದು ಬಿತ್ತಿದವನನ್ನೂ ಹೀಗೆ ಹೋಬಳಿ ಹೋಬಳಿಯಲ್ಲಿ ತಪ್ಪದೆ ಕೇಳುವಂತಾದರೆ, ‘ಹಸಿ ಇಳೀಲಿಲ್ಲ’ ಎಂಬ ಮಾತಿಗೂ ಒಂದು ಕಾಲಮ್ಮು ಹುಟ್ಟೀತು.

ಇನ್ನು ನಮ್ಮ ಪಾಲಿನ ಮಾತು. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಹಲವಕ್ಕೆ ಹಳ್ಳಿಯಲ್ಲಿ ತುಂಡು ಹೊಲವಿದ್ದೀತು. ಅಜ್ಜನ ಕಾಲದ್ದು; ಈಗ ಲಾವಣಿಗೋ ಪಾಲಿಗೋ ಕೊಟ್ಟದ್ದು; ವರ್ಷಕ್ಕೊಮ್ಮೆ ಚೀಲ ಜೋಳ ಬರುವುದು. ಪಹಣಿಯಲ್ಲಿ ನಮ್ಮ ಹೆಸರು, ಬ್ಯಾಂಕಿನ ಖಾತೆ ನಮ್ಮದು. ಬರ ಪರಿಹಾರದ ಹಣ ಜಮೀನಿನ ದಾಖಲೆಗೆ ಜೋಡಿಸಿದ ಖಾತೆಗೆ ನೇರವಾಗಿ ಬಂದು ಬೀಳುತ್ತದೆ. ನಮಗದು ಮೊಬೈಲಿನಲ್ಲಿ ಸದ್ದು ಮಾಡುವ ಒಂದು ಸಂದೇಶ ಮಾತ್ರ. ಬೀಜ, ಗೊಬ್ಬರ, ಕೂಲಿ ಸುರಿದವನು ಇನ್ನೊಬ್ಬ. ನಷ್ಟ ಅವನದು, ಪರಿಹಾರ ನಮ್ಮದು! ಇದನ್ನು ತಿಳಿದು ಹಣವನ್ನು ಅವನಿಗೆ ದಾಟಿಸುವವರೂ ಇದ್ದಾರೆ, ತಿಳಿದೂ ಸುಮ್ಮನಿರುವವರಿದ್ದಾರೆ, ಬಂದ ಹಣ ಯಾತರದೆಂದೇ ಗೊತ್ತಿಲ್ಲದವರು ಇನ್ನೂ ಹೆಚ್ಚು.

ಮುಂಗಾರಿನ ಸಮೀಕ್ಷೆಯ ದಿನಗಳಲ್ಲಿ ಆ ಕಡೆ ಹೋದರೆ ಈ ನೋಟ ಕಂಡೀತು. ಮೊಬೈಲು ಹಿಡಿದ ಯುವಕ ಬದುವಿನ ಮೇಲೆ ನಿಂತು ಸಜ್ಜೆಯ ಚಿತ್ರ ತೆಗೆಯುತ್ತಾನೆ. ಪರದೆಯ ಮೇಲೆ ಬಂದ ಹೆಸರನ್ನು ಓದಿ, ಇವರೆಲ್ಲಿ ಎಂದು ಕೇಳುತ್ತಾನೆ. ಎಡೆ ಹೊಡೆಯುತ್ತಿದ್ದವನು ಎತ್ತು ನಿಲ್ಲಿಸಿ, “ಅವರು ಹುಬ್ಬಳ್ಯಾಗ ಇರ್ತಾರ್ರಿ” ಎನ್ನುತ್ತಾನೆ. ಯುವಕ ಅದನ್ನು ಎಲ್ಲಿಯೂ ಬರೆದುಕೊಳ್ಳುವುದಿಲ್ಲ. ಅವನ ಪಟ್ಟಿಯಲ್ಲಿ ಆ ಪ್ರಶ್ನೆಯಿಲ್ಲ.